ದುಡ್ಡು ಕೊಟ್ಟು ಮಾಡಿಸಿದ ಕೋರ್ಸ್, ನಾವೇ ಮಾಡಿಕೊಂಡ ಪಾಠ: ಪೀಣ್ಯದ ಶಾಪ್‌ಫ್ಲೋರಿನಲ್ಲಿ ಎರಡನ್ನೂ ನಡೆಸಿ ನೋಡಿದ್ದು

ಮೊದಲೇ ಹೇಳಿಬಿಡುತ್ತೇನೆ. ನನ್ನ ಓಟು ಮೂಡಲ್ ಅನ್ನುವ ಆನ್‌ಲೈನ್ ಪಾಠದ ತಾಣದಲ್ಲಿ, ಎಚ್5ಪಿ ಅನ್ನುವ ಪಾಠ ಕಟ್ಟುವ ಸಾಧನ ಬಳಸಿ ನಾವೇ ಮಾಡಿಕೊಂಡ ಚಿಕ್ಕ ಚಿಕ್ಕ ಪಾಠಗಳಿಗೆ. ಹೊರಗಿನವರಿಂದ ಮಾಡಿಸಿದ ದೊಡ್ಡ ಕೋರ್ಸನ್ನು ಒಂದೂವರೆ ವರ್ಷ ನಡೆಸಿದ ಮೇಲೆ ಈ ಮಾತು ಹೇಳುತ್ತಿದ್ದೇನೆ.

ನಾನು ಪೀಣ್ಯದ ಒಂದು ಶೀಟ್ ಮೆಟಲ್ ಕಾರ್ಖಾನೆಯಲ್ಲಿ ತರಬೇತಿ ನೋಡಿಕೊಳ್ಳುತ್ತೇನೆ. ಎಲ್ಲ ಸೇರಿ 340 ಜನ. ಅರ್ಧಕ್ಕಿಂತ ಹೆಚ್ಚು ಜನ ತುಮಕೂರು, ಹಾಸನ, ರಾಯಚೂರು ಕಡೆಯವರು. ಒಡಿಶಾ, ಬಿಹಾರದ ಹುಡುಗರೂ ಇದ್ದಾರೆ. ಹಾಗಾಗಿ ಏನು ಮಾಡಿದರೂ ಕನ್ನಡದಲ್ಲೂ ಹಿಂದಿಯಲ್ಲೂ ಬೇಕು.

ನಮ್ಮಲ್ಲಿ ಎಲ್ಲಕ್ಕಿಂತ ಮುಖ್ಯವಾದ ಪಾಠ ಲೋಟೊ. ಲಾಕ್‌ಔಟ್ ಟ್ಯಾಗ್‌ಔಟ್ ಅನ್ನುವುದನ್ನು ಎಲ್ಲರೂ ಹೀಗೇ ಕರೆಯುತ್ತಾರೆ. ತಗಡು ಒತ್ತುವ ಪ್ರೆಸ್ ಜಾಮ್ ಆಯಿತು ಅಂದರೆ ಒಳಗೆ ಕೈ ಹಾಕುವ ಮುಂಚೆ ಮೆಷಿನ್ ನಿಲ್ಲಿಸಬೇಕು. ಮೆಷಿನ್‌ಗೆ ಬರುವ ಕರೆಂಟನ್ನೇ ಕಡಿಯುವ ಸ್ವಿಚ್, ಅಂದರೆ ಐಸೊಲೇಟರ್, ಆಫ್ ಮಾಡಿ ತನ್ನದೇ ಬೀಗ ಹಾಕಬೇಕು, ಹೆಸರಿನ ಟ್ಯಾಗ್ ಕಟ್ಟಬೇಕು. ಲೈನಿನಲ್ಲಿ ಉಳಿದ ಗಾಳಿಯ ಪ್ರೆಶರ್ ಬಿಡಬೇಕು. ಮೇಲಿಂದ ಇಳಿದು ಒತ್ತುವ ಭಾಗ, ಅಂದರೆ ರ‍್ಯಾಮ್ ಕೆಳಗೆ ಇಳಿಯದಂತೆ ಬ್ಲಾಕ್ ಕೊಡಬೇಕು. ಕೊನೆಗೆ ಸ್ಟಾರ್ಟ್ ಒತ್ತಿ, ಮೆಷಿನ್ ಓಡುವುದಿಲ್ಲ ಅಂತ ಖಾತ್ರಿ ಮಾಡಿಕೊಳ್ಳಬೇಕು. ಕೀಲಿ ಬೀಗ ಹಾಕಿದವರ ಜೇಬಿನಲ್ಲೇ ಇರಬೇಕು. ಇದರಲ್ಲಿ ಒಂದು ತಪ್ಪಿದರೂ ಬೆರಳು ಹೋಗಬಹುದು, ಕೈಯೇ ಹೋಗಬಹುದು. ಇಂಥ ಪಾಠವನ್ನು ನಾವು ವರ್ಷಗಟ್ಟಲೆ ಪಿಪಿಟಿಯಲ್ಲಿ ಹೇಳಿಕೊಡುತ್ತಿದ್ದೆವು.

ಪಿಪಿಟಿ ಬಗ್ಗೆ ಜಾಸ್ತಿ ಬರೆಯುವುದಿಲ್ಲ. 58 ಸ್ಲೈಡು, ಮೇಲೆ ರೆಕಾರ್ಡ್ ಮಾಡಿದ ದನಿ. ಸ್ಲೈಡಿನಲ್ಲಿ ಬರೆದಿದ್ದನ್ನೇ ಆ ದನಿ ಓದುತ್ತಿತ್ತು. ಅಮೆರಿಕದ ಮನಶ್ಶಾಸ್ತ್ರಜ್ಞ ರಿಚರ್ಡ್ ಮೇಯರ್ ಇದರ ಮೇಲೆ ತುಂಬಾ ಪ್ರಯೋಗ ಮಾಡಿದ್ದಾರೆ. ಚಿತ್ರದ ಜೊತೆ ದನಿ ಇದ್ದರೆ ಸಾಕು, ಅದೇ ಮಾತನ್ನು ತೆರೆಯ ಮೇಲೆ ಬರೆದೂ ಹಾಕಿದರೆ ಕಲಿಕೆಗೆ ಅಡ್ಡಿ ಅನ್ನುವುದು ಅವರು ಕಂಡುಕೊಂಡದ್ದು. ನಮ್ಮ ತರಬೇತಿ ರೂಮಿನಲ್ಲಿ ಕೂತವರ ಮುಖ ನೋಡಿದರೆ ನನಗೂ ಅದು ಕಾಣುತ್ತಿತ್ತು. ಹತ್ತನೇ ಸ್ಲೈಡಿಗೆ ಕಣ್ಣು ಬೇರೆ ಕಡೆ ಹೋಗಿರುತ್ತಿತ್ತು.

ಅದಕ್ಕೇ ಬೆಂಗಳೂರಿನ ಒಂದು ಕಂಪನಿಗೆ 1,85,000 ರೂ. ಕೊಟ್ಟು ಲೋಟೊ ಕೋರ್ಸ್ ಮಾಡಿಸಿದೆವು. ಅವರದೇ ಎಲ್‌ಎಂಎಸ್ (ಪಾಠ ತೋರಿಸಿ, ಯಾರು ಎಷ್ಟು ಮುಗಿಸಿದರು ಅಂತ ಲೆಕ್ಕ ಇಡುವ ತಂತ್ರಾಂಶ), ಅದಕ್ಕೆ ವರ್ಷಕ್ಕೆ ಬೇರೆ ಬಾಡಿಗೆ. ನೋಡಲು ಚೆನ್ನಾಗಿತ್ತು, ಅದನ್ನು ಒಪ್ಪಲೇಬೇಕು. ಆನಿಮೇಷನ್, ಒಳ್ಳೆಯ ದನಿ, ಬಟನ್ ಒತ್ತಿದರೆ ತೆರೆದುಕೊಳ್ಳುವ ಚಿತ್ರಗಳು. ಡೆಮೊ ದಿನ ನಮ್ಮ ಪ್ಲಾಂಟ್ ಹೆಡ್ ಎದ್ದು ನಿಂತು ಚಪ್ಪಾಳೆ ತಟ್ಟಿದರು.

ತಲೆನೋವು ಶುರುವಾದದ್ದು ಎರಡನೇ ವಾರದಲ್ಲಿ. ಕೋರ್ಸಿನ ಉದ್ದ 42 ನಿಮಿಷ. ಶಾಪ್‌ಫ್ಲೋರಿನ ಜನಕ್ಕೆ ಒಂದೇ ಸಲ 42 ನಿಮಿಷ ಎಲ್ಲಿ ಸಿಗುತ್ತದೆ? ಊಟದ ಬಿಡುವಿನಲ್ಲಿ ಪಾಠ ನೋಡಿ ಅನ್ನುವುದು ತಪ್ಪು, ಡ್ಯೂಟಿ ಟೈಮಿನಲ್ಲೇ ಕೊಡಬೇಕು ಅಂತ ಪ್ರೊಡಕ್ಷನ್ ಮ್ಯಾನೇಜರ್ ಹತ್ತಿರ ವಾದ ಮಾಡಿ, ದಿನಕ್ಕೆ 15 ನಿಮಿಷ ತೆಗೆದುಕೊಂಡಿದ್ದೆ. ಅಂದರೆ ಕೋರ್ಸ್ ಮುಗಿಯಲು ಮೂರು ದಿನ ಬೇಕು. ನಿಲ್ಲಿಸಿದ ಕಡೆಯಿಂದ ಮುಂದುವರಿಯುತ್ತದೆ ಅಂತ ಕಂಪನಿಯವರು ಹೇಳಿದ್ದರು.

ಪ್ರೆಸ್ ಶಾಪಿನ ಹಿರಿಯ ಆಪರೇಟರ್ ಒಬ್ಬರು ಮೂರನೇ ದಿನ ಬಂದು, "ಮೇಡಂ, ನಿನ್ನೆ ಮುಕ್ಕಾಲು ಮುಗಿಸಿದ್ದೆ. ಇವತ್ತು ಮತ್ತೆ ಮೊದ್ಲಿಂದ ಬಂತು" ಅಂದರು. ಆಮೇಲೆ ಇನ್ನೊಬ್ಬರು, ಮತ್ತೊಬ್ಬರು. ಕಂಪನಿಗೆ ಫೋನ್ ಮಾಡಿದೆ. ವೈಫೈ ನೋಡಿ ಅಂದರು. ನೋಡಿದೆವು. ಬ್ರೌಸರ್ ಬದಲಾಯಿಸಿ ಅಂದರು. ಬದಲಾಯಿಸಿದೆವು. ಟ್ಯಾಬ್ ಹಳೆಯದು ಅಂದರು. ಹೊಸ ಲ್ಯಾಪ್‌ಟಾಪಿನಲ್ಲೂ ಅದೇ ಕತೆ.

ಒಂದು ವಿಚಿತ್ರ ನನ್ನ ಗಮನಕ್ಕೆ ಬಂತು. ಮೊದಲ 20 ಸ್ಲೈಡಿನೊಳಗೆ ನಿಲ್ಲಿಸಿದವರಿಗೆ ಸರಿಯಾಗಿ ಮುಂದುವರಿಯುತ್ತಿತ್ತು. 30 ದಾಟಿದವರಿಗೆ ಮಾತ್ರ ಮೊದಲಿಗೆ ಹೋಗುತ್ತಿತ್ತು. ಇದನ್ನು ನಮ್ಮ ಐಟಿ ಹುಡುಗನಿಗೆ ಹೇಳಿದೆ. ಅವನು ಬ್ರೌಸರಿನ ಒಳಗೆ ಏನು ನಡೆಯುತ್ತಿದೆ ಅಂತ ಒಂದು ಸಂಜೆ ಕೂತು ನೋಡಿ ಕಾರಣ ಹಿಡಿದ.

ಕೋರ್ಸು, ಅದನ್ನು ನಡೆಸುವ ಎಲ್‌ಎಂಎಸ್ಸು, ಎರಡೂ ಒಂದಕ್ಕೊಂದು ವಿಷಯ ತಿಳಿಸುವ ಕ್ರಮಕ್ಕೆ ಸ್ಕಾರ್ಮ್ ಅನ್ನುತ್ತಾರೆ. ನಮ್ಮ ಕೋರ್ಸ್ ಸ್ಕಾರ್ಮ್ 1.2ರಲ್ಲಿತ್ತು. ಅದು ಬಂದದ್ದು 2001ರಲ್ಲಿ, ಇವತ್ತಿಗೂ ಎಷ್ಟೋ ಕಡೆ ಅದೇ ಓಡುತ್ತಿದೆ. ಕಲಿಯುವವರು ಎಲ್ಲಿ ನಿಲ್ಲಿಸಿದರು, ಯಾವ ಪ್ರಶ್ನೆಗೆ ಏನು ಉತ್ತರ ಕೊಟ್ಟರು ಅಂತ ಕೋರ್ಸ್ ಬರೆದಿಡಲು ಅದರಲ್ಲಿ ಇರುವ ಜಾಗ 4096 ಅಕ್ಷರ. ಅಷ್ಟೇ. ನಮ್ಮ ಕೋರ್ಸ್ ಪ್ರತಿ ಸ್ಲೈಡು, ಪ್ರತಿ ಬಟನ್ನಿನ ಸ್ಥಿತಿಯನ್ನೂ ಬರೆಯುತ್ತಾ ಹೋಗುತ್ತಿತ್ತು. 30ನೇ ಸ್ಲೈಡ್ ದಾಟುವಾಗ ಜಾಗ ತುಂಬುತ್ತಿತ್ತು. ಮುಂದಿನದನ್ನು ಎಲ್‌ಎಂಎಸ್ ಪೂರ್ತಿ ಇಟ್ಟುಕೊಳ್ಳುತ್ತಿರಲಿಲ್ಲ. ಮರುದಿನ ಅರ್ಧಂಬರ್ಧ ಇದ್ದದ್ದನ್ನು ಓದಲು ಆಗದೆ ಕೋರ್ಸ್ ಮೊದಲಿಂದ ಶುರುವಾಗುತ್ತಿತ್ತು. ಸ್ಕಾರ್ಮ್ 2004ರ ಮೂರನೇ ಆವೃತ್ತಿಯಿಂದ ಈ ಜಾಗ 64,000 ಅಕ್ಷರ. ಆದರೆ ಅವರ ಎಲ್‌ಎಂಎಸ್‌ನಲ್ಲಿ ಅದು ನಡೆಯುವುದಿಲ್ಲ ಅಂದರು.

ಹಾಗಾದರೆ ಕೋರ್ಸನ್ನು ಆರು ತುಂಡು ಮಾಡಿಕೊಡಿ ಅಂತ ಕೇಳಿದೆ. 38,000 ರೂ. ಕೊಟೇಶನ್ ಬಂತು, ಮೂರು ವಾರ ಸಮಯ. ಮೂಲ ಫೈಲ್ ಕೊಡಿ, ನಾವೇ ಮಾಡಿಕೊಳ್ಳುತ್ತೇವೆ ಅಂದೆ. ಅದು ನಿಮ್ಮದಲ್ಲ ಅಂದರು. ನಮ್ಮ ಪರ್ಚೇಸ್ ಆರ್ಡರಿನಲ್ಲಿ ಆ ಬಗ್ಗೆ ಒಂದು ಸಾಲೂ ಇರಲಿಲ್ಲ. ನೀವು ಯಾರಿಗಾದರೂ ಕೋರ್ಸ್ ಮಾಡಲು ಕೊಡುವವರಿದ್ದರೆ ಈ ಸಾಲನ್ನು ದಯವಿಟ್ಟು ಬರೆಸಿ: ಎಡಿಟ್ ಮಾಡಬಹುದಾದ ಮೂಲ ಫೈಲ್, ಚಿತ್ರ, ದನಿ ಎಲ್ಲವೂ ಕೊಂಡವರಿಗೆ ಸೇರತಕ್ಕದ್ದು.

ಇದರಿಂದ ಆದ ನಿಜವಾದ ನಷ್ಟ ದುಡ್ಡಿನದಲ್ಲ. ಮೂರು ಸಲ ಮೊದಲಿಂದ ನೋಡಬೇಕಾದವರು ನಾಲ್ಕನೇ ಸಲ ನೋಡುವುದನ್ನೇ ಬಿಟ್ಟರು. ಟ್ಯಾಬಿನಲ್ಲಿ ಸುಮ್ನೆ ನೆಕ್ಸ್ಟ್ ಒತ್ತುತ್ತಾ ಕೂತರು. ರಿಪೋರ್ಟಿನಲ್ಲಿ ಎಲ್ಲರೂ ಪಾಸ್. ಒಂದು ದಿನ ಶಾಪಿಗೆ ಹೋಗಿ ಒಬ್ಬೊಬ್ಬರನ್ನೇ, "ನಿಮ್ಮ ಮೆಷಿನ್‌ಗೆ ಐಸೊಲೇಟರ್ ಎಲ್ಲಿದೆ, ತೋರಿಸಿ" ಅಂತ ಕೇಳಿದೆ. ಪಾಸಾದವರಲ್ಲಿ ಹಲವರು ಎಮರ್ಜೆನ್ಸಿ ಸ್ಟಾಪ್ ತೋರಿಸಿದರು. ಆ ಕೆಂಪು ಬಟನ್ ಮೆಷಿನ್ ನಿಲ್ಲಿಸುತ್ತದೆ, ನಿಜ. ಆದರೆ ಯಾರು ಬೇಕಾದರೂ ಅದನ್ನು ಬಿಡಿಸಿ ಮತ್ತೆ ಸ್ಟಾರ್ಟ್ ಮಾಡಬಹುದು. ಅದನ್ನು ನಂಬಿ ಕೈ ಹಾಕುವಂತಿಲ್ಲ. ಆ ದಿನ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಆಮೇಲೆ ಎಚ್5ಪಿ. ಇದು ನಾರ್ವೆಯಲ್ಲಿ ಹುಟ್ಟಿದ ಓಪನ್ ಸೋರ್ಸ್ ಸಾಧನ, ಉಚಿತ. ಮೂಡಲ್ ಕೂಡ ಉಚಿತ, 2002ರಿಂದ ಇದೆ. 2020ರಲ್ಲಿ ಬಂದ ಮೂಡಲ್ 3.9ರಿಂದ ಎಚ್5ಪಿ ಚಟುವಟಿಕೆ ಅದರೊಳಗೇ ಸೇರಿಕೊಂಡಿದೆ. ಐಟಿ ಹುಡುಗ ಬಾಡಿಗೆ ಸರ್ವರಿನಲ್ಲಿ ಎರಡು ದಿನದಲ್ಲಿ ಹಾಕಿಕೊಟ್ಟ. ತಿಂಗಳಿಗೆ ಸುಮಾರು 1,200 ರೂ. ಹೋಗುತ್ತದೆ.

ಇದರಲ್ಲಿ ನನಗೆ ಬಹಳ ಇಷ್ಟವಾದದ್ದು ಬ್ರಾಂಚಿಂಗ್ ಸಿನಾರಿಯೊ. ಒಂದು ಸಂದರ್ಭ ಕೊಟ್ಟು, ನೀವು ಏನು ಮಾಡುತ್ತೀರಿ ಅಂತ ಕೇಳುವುದು. ಆಯ್ಕೆಗೆ ತಕ್ಕಂತೆ ಕತೆ ಬೇರೆ ದಾರಿ ಹಿಡಿಯುತ್ತದೆ. ನಮ್ಮ ಮೊದಲ ಪಾಠ ಹೀಗೆ ಶುರುವಾಗುತ್ತದೆ: ಸೆಕೆಂಡ್ ಶಿಫ್ಟ್, ರಾತ್ರಿ 9 ಗಂಟೆ. ಪ್ರೆಸ್ಸಿನಲ್ಲಿ ಪೀಸ್ ಸಿಕ್ಕಿಕೊಂಡಿದೆ. ಸೂಪರ್‌ವೈಸರ್ ಬಂದು, "ಲಾರಿ ನಿಂತಿದೆ ಕಣಯ್ಯಾ, ಬೇಗ ತೆಗಿ" ಅನ್ನುತ್ತಾರೆ. ಈಗ ಮೂರು ದಾರಿ. ಎಮರ್ಜೆನ್ಸಿ ಸ್ಟಾಪ್ ಒತ್ತಿ ಕೈ ಹಾಕುವುದು. ಐಸೊಲೇಟರ್ ಆಫ್ ಮಾಡಿ ಬೀಗ ಇಲ್ಲದೆ ಕೈ ಹಾಕುವುದು. ಬೀಗ ತರಲು ಹೋಗುವುದು. ಎರಡನೆಯದನ್ನು ಆರಿಸಿದರೆ, ಮುಂದಿನ ವಿಡಿಯೊದಲ್ಲಿ ಎಲೆಕ್ಟ್ರಿಷಿಯನ್ ಬಂದು "ಇದ್ಯಾಕೆ ಆಫ್ ಆಗಿದೆ?" ಅಂತ ಐಸೊಲೇಟರ್ ಮೇಲಕ್ಕೆ ಎತ್ತುತ್ತಾನೆ. ಅಲ್ಲಿಗೆ ವಿಡಿಯೊ ನಿಲ್ಲುತ್ತದೆ. ರಕ್ತ ಏನೂ ತೋರಿಸಿಲ್ಲ. ಆದರೂ ನೋಡಿದವರು ಕೈ ಹಿಂದಕ್ಕೆ ಎಳೆದುಕೊಂಡದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ವಿಡಿಯೊ ತೆಗೆದದ್ದು ನನ್ನ ಮೊಬೈಲಿನಲ್ಲಿ, ನಮ್ಮದೇ ಮೆಷಿನ್ ಮುಂದೆ, ನಮ್ಮವರೇ ಪಾತ್ರಧಾರಿಗಳು. ದುಡ್ಡು ಕೊಟ್ಟ ಕೋರ್ಸಿನ ಆನಿಮೇಷನ್‌ಗಿಂತ ಇದು ಒರಟಾಗಿದೆ. ಆದರೆ ಅದರಲ್ಲಿ ಇದ್ದದ್ದು ಯಾವುದೋ ಊರಿನ ಯಾವುದೋ ಮೆಷಿನ್. ಇದರಲ್ಲಿ ಐಸೊಲೇಟರ್ ಇರುವ ಪ್ಯಾನೆಲ್ ದಿನಾ ಕಾಣುವ ಪ್ಯಾನೆಲ್ಲೇ. ಪಾತ್ರ ಮಾಡಿದ ಎಲೆಕ್ಟ್ರಿಷಿಯನ್ ಅಣ್ಣ ಈಗ ಯಾವ ಐಸೊಲೇಟರ್ ಮುಟ್ಟುವ ಮುಂಚೆಯೂ ಕೂಗಿ ಕೇಳುತ್ತಾರೆ.

ಕನ್ನಡದ ವಿಷಯ. ನಮ್ಮ ಹಳೆಯ ಕೆಲಸದ ಸೂಚನೆಗಳೆಲ್ಲ ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಆಗಿವೆ. ಅದನ್ನು ಹಾಗೇ ತಂದು ಅಂಟಿಸಿದರೆ ಗೊತ್ತಲ್ಲ, ಗಜಿಬಿಜಿ. ಮೊದಲು ಯೂನಿಕೋಡ್‌ಗೆ ಬದಲಾಯಿಸಿಕೊಳ್ಳಿ. ಹೊರಗಿನ ಕಂಪನಿಯವರು ಒತ್ತಕ್ಷರ ಒಡೆಯುತ್ತದೆ ಅಂತ ಕನ್ನಡ ಸಾಲುಗಳನ್ನೆಲ್ಲ ಚಿತ್ರ ಮಾಡಿ ಹಾಕಿದ್ದರು. ಒಂದು ಕಾಗುಣಿತ ತಿದ್ದಲು ಹತ್ತು ದಿನ ಕಾದಿದ್ದೇನೆ. ಮೂಡಲ್‌ನಲ್ಲಿ ಯೂನಿಕೋಡ್ ಕನ್ನಡ ಹಾಗೇ ಕೂರುತ್ತದೆ, ತಪ್ಪು ಕಂಡರೆ ಅಲ್ಲೇ ತಿದ್ದಬಹುದು. ಎಚ್5ಪಿ ಬಟನ್ನುಗಳ ಮೇಲಿನ ಮಾತುಗಳನ್ನೂ ಕನ್ನಡ ಮಾಡಿಕೊಳ್ಳಬಹುದು. "ಸರಿ ನೋಡಿ", "ಮತ್ತೆ ಪ್ರಯತ್ನಿಸಿ" ಅಂತ ನಾನೇ ಬರೆದೆ.

ಎಚ್5ಪಿಯಲ್ಲಿ ಕಷ್ಟ ಇಲ್ಲವೇ ಅಂದರೆ, ಇದೆ. ಕವಲುಗಳನ್ನು ಮೊದಲು ಕಾಗದದ ಮೇಲೆ ಬರೆದುಕೊಳ್ಳದಿದ್ದರೆ ದಾರಿ ತಪ್ಪುತ್ತದೆ. ಮೊಬೈಲ್ ಅಡ್ಡ ಹಿಡಿಯದಿದ್ದರೆ ವಿಡಿಯೊ ಮೇಲಿನ ಪ್ರಶ್ನೆ ತೀರಾ ಚಿಕ್ಕದು. ಒಂದು ಆರು ನಿಮಿಷದ ಪಾಠಕ್ಕೆ ನನಗೆ ಮೊದಲ ಸಲ 11 ದಿನ ಹಿಡಿಯಿತು, ಈಗ ನಾಲ್ಕು ದಿನ. ಆದರೆ ಆರು ನಿಮಿಷದ್ದು ಆದ್ದರಿಂದ ಅರ್ಧಕ್ಕೆ ನಿಲ್ಲಿಸಿ ಎದ್ದರೂ ದೊಡ್ಡ ನಷ್ಟವಿಲ್ಲ.

ನೋಡಿದ ಬೇರೆ ದಾರಿಗಳು: ವಿಆರ್ ಕನ್ನಡಕದ ಡೆಮೊ ಚೆನ್ನಾಗಿತ್ತು, ನಮ್ಮ ಬಜೆಟ್ಟಿಗೆ ಸಿಗುವುದಲ್ಲ. ಬರೀ ವಿಡಿಯೊ ಹಂಚುವುದು ಪಿಪಿಟಿಗಿಂತ ಒಂದು ಮೆಟ್ಟಿಲು ಮೇಲೆ, ಅಷ್ಟೇ.

ವಾಟ್ಸ್ಆ್ಯಪ್ ಪ್ರಶ್ನೆ ಮಾತ್ರ ಉಳಿಸಿಕೊಂಡಿದ್ದೇನೆ. ಪಾಠ ನೋಡಿ ಒಂದು ವಾರ ಆದ ಮೇಲೆ ಶಿಫ್ಟ್ ಗುಂಪಿಗೆ ಒಂದು ಫೋಟೊ, ಒಂದು ಪ್ರಶ್ನೆ. 2006ರಲ್ಲಿ ರೋಡಿಗರ್ ಮತ್ತು ಕಾರ್ಪಿಕಿ ಅನ್ನುವ ಇಬ್ಬರು ಮನಶ್ಶಾಸ್ತ್ರಜ್ಞರು ಮಾಡಿದ ಪ್ರಯೋಗವೊಂದಿದೆ. ಐದು ನಿಮಿಷ ಬಿಟ್ಟು ಕೇಳಿದಾಗ, ಓದಿದ್ದನ್ನೇ ಮತ್ತೆ ಓದಿದವರು ಮುಂದಿದ್ದರು. ವಾರ ಬಿಟ್ಟು ಕೇಳಿದಾಗ, ಓದಿದ್ದನ್ನು ನೆನಪು ಮಾಡಿಕೊಂಡು ಬರೆದವರು ಮುಂದಿದ್ದರು. ಕೋರ್ಸ್ ಮುಗಿದ ತಕ್ಷಣ ತೆಗೆದುಕೊಳ್ಳುವ ಪರೀಕ್ಷೆ ನಮಗೆ ಯಾಕೆ ಮೋಸ ಮಾಡಿತು ಅಂತ ಇದರಿಂದ ಅರ್ಥವಾಯಿತು.

ನನ್ನ ತೀರ್ಮಾನ ನನ್ನ ಪರಿಸ್ಥಿತಿಗೆ ತಕ್ಕದ್ದು. ನಮ್ಮಲ್ಲಿ ಮೆಷಿನ್ ಜಾಗ ಬದಲಾಗುತ್ತಲೇ ಇರುತ್ತದೆ, ತಿದ್ದುವ ಅಧಿಕಾರ ನನ್ನ ಕೈಯಲ್ಲೇ ಇರಬೇಕು. ಸಂಜೆ ಒಂದು ಗಂಟೆ ಕೂತು ಪಾಠ ಸರಿ ಮಾಡುವುದು ನನಗೆ ಇಷ್ಟ. ಐಟಿಯವರೊಬ್ಬರು ಪಕ್ಕದಲ್ಲೇ ಇದ್ದಾರೆ. ವರ್ಷಕ್ಕೆ 50,000 ರೂ. ದಾಟುವಂತಿಲ್ಲ. ಇಷ್ಟಿದ್ದರೆ ಮೂಡಲ್, ಎಚ್5ಪಿ ಸಾಕು. ನಾಲ್ಕೈದು ಊರಲ್ಲಿ ಪ್ಲಾಂಟ್ ಇದ್ದು, ಎಲ್ಲ ಕಡೆ ಒಂದೇ ಪಾಠ ಬೇಕು, ಮಾಡಲು ನಿಮ್ಮಲ್ಲೇ ಯಾರೂ ಇಲ್ಲ ಅಂದರೆ ಹೊರಗೆ ಕೊಡಿ. ಮೂಲ ಫೈಲಿನ ಸಾಲು ಬರೆಸಿ, ಪಾಠವನ್ನು ಹತ್ತು ನಿಮಿಷದೊಳಗಿನ ತುಂಡುಗಳಲ್ಲೇ ಕೇಳಿ. ದುಡ್ಡು ಕೊಡುವ ಮುಂಚೆ ಒಬ್ಬ ಆಪರೇಟರನ್ನು ಕೂರಿಸಿ, ಪಾಠ ಮುಗಿಯುವುದಕ್ಕೆ ಸ್ವಲ್ಪ ಮುಂಚೆ ನಿಲ್ಲಿಸಿ, ಮರುದಿನ ಮತ್ತೆ ತೆರೆದು ನೋಡಿ.

ಹೋದ ತಿಂಗಳು ಮತ್ತೆ ಶಾಪಿಗೆ ಹೋಗಿ ಅದೇ ಪ್ರಶ್ನೆ ಕೇಳಿದೆ. ಮೊದಲು ಮೂರು ಸಲ ಕೋರ್ಸ್ ನೋಡಿ ಬೇಸತ್ತಿದ್ದ ಆ ಹಿರಿಯ ಆಪರೇಟರ್ ಮಾತಾಡಲಿಲ್ಲ. ನೇರ ಪ್ಯಾನೆಲ್ ಹತ್ತಿರ ನಡೆದು ಐಸೊಲೇಟರ್ ಮೇಲೆ ಕೈ ಇಟ್ಟು, ಇನ್ನೊಂದು ಕೈಯಿಂದ ಜೇಬಿನ ಬೀಗ ತೆಗೆದು ತೋರಿಸಿದರು.