ತಪ್ಪು ಎಲ್ಲಿದೆ ಅಂತ ಹೇಳುವ ಸಾಫ್ಟ್‌ವೇರೇ ನನಗೆ ಸಾಕು

ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಒಂದು ಪೈಪ್ ಅಂಗಡಿಯ ಲೆಕ್ಕ ನೋಡಿಕೊಳ್ಳುವವ ನಾನು. ಹತ್ತು ವರ್ಷ ಕಂಪ್ಯೂಟರಿನ ಹಳೇ ಸಾಫ್ಟ್‌ವೇರಿನಲ್ಲೇ ಬಿಲ್ ಹೊಡೆದೆ. ಕಳೆದ ವರ್ಷ ಧನಿಗಳ ಮಗ ಫೋನಿನಲ್ಲೇ ನಡೆಯುವ ಆ್ಯಪ್ ಒಂದನ್ನು ಹಾಕಿಸಿದರು. ನಾಲ್ಕು ತಿಂಗಳು ಅದರ ಜತೆ ಏಗಿ ಹಳೇದಕ್ಕೇ ವಾಪಸ್ ಬಂದೆ. ಎರಡರ ಹೆಸರೂ ಬೇಡ.

ಆ್ಯಪ್ ನೋಡಲು ಚಂದ. ಬಿಲ್ ನೇರ ವಾಟ್ಸಾಪ್‌ಗೆ ಹೋಗುತ್ತದೆ. ಕರೆಂಟು ಹೋದರೂ ಚಿಂತೆಯಿಲ್ಲ. ಹಳೇದರಲ್ಲಿ ಮಳೆಗಾಲ ಬಂದರೆ ಹೆದರಿಕೆ. ಒಮ್ಮೆ ಯುಪಿಎಸ್ ಕೈಕೊಟ್ಟು ಡೇಟಾ ತೆರೆಯಲೇ ಇಲ್ಲ. ಹಿಂದಿನ ಸಂಜೆಯ ಬ್ಯಾಕಪ್ ಇತ್ತು, ಬಚಾವಾದೆ.

ನನ್ನ ತಕರಾರು ಬೇರೆ. ನಮ್ಮದು ಗಡಿ ಊರು. ಪೆರ್ಲ ದಾಟಿ ಅಡ್ಯನಡ್ಕಕ್ಕೆ ಹೋದರೆ ಕರ್ನಾಟಕ. ಇಲ್ಲಿಯ ಗಿರಾಕಿಗೆ ಸಿಜಿಎಸ್‌ಟಿ, ಎಸ್‌ಜಿಎಸ್‌ಟಿ, ಅಂದರೆ ಕೇಂದ್ರಕ್ಕೊಂದು ರಾಜ್ಯಕ್ಕೊಂದು ಪಾಲು. ಆಚೆ ವಿಟ್ಲದ ಅಂಗಡಿಗೆ ನಮ್ಮ ಪಿಕಪ್‌ನಲ್ಲಿ ಸಾಮಾನು ಕಳಿಸಿದರೆ ಐಜಿಎಸ್‌ಟಿ, ರಾಜ್ಯ ದಾಟುವ ಮಾರಾಟದ ತೆರಿಗೆ. ಮೊತ್ತ ಅಷ್ಟೇ: 30,000 ರೂಪಾಯಿಯ ಪಿವಿಸಿ ಪೈಪಿಗೆ 18 ಪರ್ಸೆಂಟಿನಂತೆ 5,400. ಅದು 2,700ರ ಎರಡು ಪಾಲಾಗಬೇಕೋ, ಒಟ್ಟಿಗೆ ಹೋಗಬೇಕೋ ಅನ್ನುವುದರಲ್ಲೇ ಎಡವಟ್ಟು.

ಹೊಸ ಗಿರಾಕಿಯ ಹೆಸರು ಸೇರಿಸುವಾಗ ಆ್ಯಪ್ ತಾನೇ ರಾಜ್ಯ 'ಕೇರಳ' ಅಂತ ತುಂಬುತ್ತದೆ. ಜಿಎಸ್‌ಟಿ ನಂಬರ್ ಕೇರಳದ ಕೋಡ್ 32ರ ಬದಲು ಕರ್ನಾಟಕದ 29ರಿಂದ ಶುರುವಾದರೂ ತುಟಿ ಪಿಟಿಕ್ಕೆನ್ನುವುದಿಲ್ಲ. ರಿಟರ್ನ್ ಫೈಲು ಮಾಡುವಾಗ ಮಾತ್ರ ಅದಕ್ಕೆ 29 ಕಾಣಿಸುತ್ತದೆ! ಆಗ ಸ್ಥಳ ಕರ್ನಾಟಕ, ತೆರಿಗೆ ಕೇರಳದೊಳಗಿನದ್ದು. ಜಿಎಸ್‌ಟಿ ಪೋರ್ಟಲ್ ಒಪ್ಪುತ್ತದಾ?

10ನೇ ತಾರೀಕು ರಾತ್ರಿ. ಮಾರನೇ ದಿನ ಜಿಎಸ್‌ಟಿಆರ್-1ಕ್ಕೆ, ಅಂದರೆ ಹಿಂದಿನ ತಿಂಗಳ ಮಾರಾಟದ ರಿಟರ್ನಿಗೆ, ಕೊನೆ ದಿನ. ಆ್ಯಪ್ ಹೇಳಿದ್ದು ಇಷ್ಟೇ: 'ಏನೋ ತಪ್ಪಾಗಿದೆ, ಮತ್ತೆ ಪ್ರಯತ್ನಿಸಿ.' ಯಾವ ಬಿಲ್ಲು? ಏನು ತಪ್ಪು? ಮತ್ತೆ ಒತ್ತಿದೆ. ಅದೇ ರಾಗ. ಹೆಲ್ಪ್‌ಲೈನಿನವರು ಆ್ಯಪ್ ಅಳಿಸಿ ಹೊಸದಾಗಿ ಹಾಕಿ ಎಂದರು. ಕೊನೆಗೆ 140 ಬಿಲ್ಲು ಒಂದೊಂದಾಗಿ ತೆರೆದೆ. ವಿಟ್ಲದ ಮೂರು ಬಿಲ್ಲು ಸಿಕ್ಕಾಗ ಗಂಟೆ ಹನ್ನೆರಡೂವರೆ.

ಹಳೇದರಲ್ಲಿ ಅದೇ ತಪ್ಪನ್ನು ಬೇಕೆಂದೇ ಮಾಡಿ ನೋಡಿದೆ. ನಂಬರ್ ಹೊಡೆದ ಕೂಡಲೇ ರಾಜ್ಯದ ಕೋಡ್ ಹೊಂದುತ್ತಿಲ್ಲ ಅಂತ ಅಡ್ಡ ನಿಂತಿತು. ಒರಟು ಇಂಗ್ಲಿಷು, ಇರಲಿ. ಎಲ್ಲಿ ನೋಡಬೇಕು ಅಂತ ಗೊತ್ತಾಯಿತು, ಅಲ್ವಾ?

'ನಂಬರ್ ಸರಿಯಿಲ್ಲ' ಅಂತ ಬಂದರೆ ಮೊದಲು ಸೊನ್ನೆ ಮತ್ತು 'ಓ' ಅಕ್ಷರ ನೋಡಿ. ಜಿಎಸ್‌ಟಿ ನಂಬರಿನ 15 ಜಾಗದಲ್ಲಿ 3ರಿಂದ 7ನೇ ಜಾಗ ಬರೀ ಅಕ್ಷರ, 8ರಿಂದ 11 ಬರೀ ಅಂಕೆ. ಬಿಲ್ ನಂಬರ್ 16 ಅಕ್ಷರ ಮೀರಬಾರದು. ಆ್ಯಪ್ ಅಂಗಡಿ ಹೆಸರನ್ನೂ ಸೇರಿಸಿ 19 ಮಾಡಿತ್ತು. ಅದಕ್ಕೂ 'ಏನೋ ತಪ್ಪಾಗಿದೆ'ಯೇ ಉತ್ತರ.

ಖರ್ಚು? ಆ್ಯಪಿಗೆ ವರ್ಷ ವರ್ಷ ಕಟ್ಟಬೇಕು. ಹಳೇದರ ಲೈಸೆನ್ಸಿಗೆ ಯಾವತ್ತೋ ಕೊಟ್ಟಾಗಿದೆ. ದಿನಕ್ಕೆ ನಾಲ್ಕೈದು ಬಿಲ್ಲು, ಎಲ್ಲ ಕೇರಳದೊಳಗೇ ಅನ್ನುವವರಿಗೆ ಆ್ಯಪ್ ಧಾರಾಳ ಸಾಕು. ನಮ್ಮಲ್ಲೂ ಅದನ್ನು ಅಳಿಸಿಲ್ಲ. ಧನಿಗಳ ಮಗ ಅದರಲ್ಲಿ ಕೊಟೇಶನ್ ಕಳಿಸುತ್ತಾರೆ. ಬಿಲ್ ಹೊಡೆಯಲು ಮಾತ್ರ ನಾನು ಬಿಡುವುದಿಲ್ಲ.