ಅಮ್ಮನ ಬೆರಳು ಮತ್ತು ವೀಸಾ ಕೇಂದ್ರ: 5ಕ್ಕೆ 2 ಸ್ಟಾರ್

ಮೊದಲೇ ಹೇಳಿಬಿಡುತ್ತೇನೆ, ಅಮ್ಮನಿಗೆ ವೀಸಾ ಸಿಕ್ಕಿದೆ. ಸಿಗದ ಸಿಟ್ಟಿಗೆ ಬರೆಯುತ್ತಿರುವುದಲ್ಲ ಇದು.

ಅಮ್ಮನಿಗೆ 68 ವರ್ಷ. ತೀರ್ಥಹಳ್ಳಿ ಹತ್ತಿರ ನಮ್ಮ ಊರು, ಎರಡು ಎಕರೆ ಅಡಿಕೆ ತೋಟ. ಅಪ್ಪ ತೀರಿಕೊಂಡು ಆರು ವರ್ಷ ಆಯಿತು. ತಂಗಿ ಯುರೋಪಿನಲ್ಲಿದ್ದಾಳೆ, ಏಪ್ರಿಲ್‌ನಲ್ಲಿ ಅವಳಿಗೆ ಹೆರಿಗೆ. ಬಾಣಂತನಕ್ಕೆ ಅಮ್ಮ ಹೋಗಬೇಕು, ಅದಕ್ಕೆ ಷೆಂಗೆನ್ ವೀಸಾ, ಅಂದರೆ ಯುರೋಪಿನ ಹಲವು ದೇಶಗಳಿಗೆ ಒಂದೇ ಆಗಿ ನಡೆಯುವ ವೀಸಾ. ತಂಗಿ ಇರುವ ದೇಶದ ದೂತಾವಾಸ ಬೆಂಗಳೂರಿನಲ್ಲಿ ತಾನೇ ಅರ್ಜಿ ತೆಗೆದುಕೊಳ್ಳುವುದಿಲ್ಲ. ಅವರ ಪರವಾಗಿ ಒಂದು ಖಾಸಗಿ ಕೇಂದ್ರ ತೆಗೆದುಕೊಳ್ಳುತ್ತದೆ. ನಾನು ಬರೆಯುತ್ತಿರುವುದು ಆ ಕೇಂದ್ರದ ಬಗ್ಗೆ.

ಪ್ರಯಾಣಕ್ಕೆ 6 ತಿಂಗಳು ಮೊದಲಿನಿಂದ ಅರ್ಜಿ ಹಾಕಬಹುದು, ಕಡೇಪಕ್ಷ 15 ದಿನ ಮೊದಲಾದರೂ ಹಾಕಬೇಕು. ದೊಡ್ಡವರಿಗೆ ಶುಲ್ಕ 90 ಯೂರೋ. 2024ರ ಜೂನ್‌ಗೆ ಮೊದಲು 80 ಇತ್ತು. ವೀಸಾ ಕೊಡದಿದ್ದರೂ ಆ ದುಡ್ಡು ವಾಪಸ್ ಬರುವುದಿಲ್ಲ. ಅದರ ಮೇಲೆ ಕೇಂದ್ರದ ಸೇವಾ ಶುಲ್ಕ, ಕೊರಿಯರ್, 30,000 ಯೂರೋ ರಕ್ಷಣೆಯ ಪ್ರಯಾಣ ವಿಮೆ. ಇದೆಲ್ಲ ಗೊತ್ತಿದ್ದೇ ಹೋಗಿದ್ದೆವು, ಅದರ ಬಗ್ಗೆ ತಕರಾರಿಲ್ಲ.

ನಮಗೆ ಕೊಟ್ಟಿದ್ದು ಬೆಳಿಗ್ಗೆ 9:15ರ ಸಮಯ. ಅಮ್ಮ ರಾತ್ರಿ ಬಸ್ಸಿನಲ್ಲಿ ಬಂದು, ನನ್ನ ಮನೆಯಲ್ಲಿ ಸ್ನಾನ ಮುಗಿಸಿ, ಇಸ್ತ್ರಿ ಮಾಡಿದ ಸೀರೆ ಉಟ್ಟು ಎಂಟೂವರೆಗೇ ರೆಡಿಯಾಗಿ ಕಟ್ಟಡದ ಮುಂದೆ ನಿಂತಿದ್ದಳು. ಸಮಯ ಆಗುವವರೆಗೂ ಫುಟ್‌ಪಾತ್ ಮೇಲೆಯೇ ಸಾಲು. ಅಮ್ಮನಿಗೆ ಮಂಡಿ ನೋವು. ಒಂದು ಕುರ್ಚಿ ಕೊಡ್ತೀರಾ ಎಂದು ಕೇಳಿದ್ದಕ್ಕೆ, "ಲೌಂಜ್ ತಗೊಳ್ಳಿ ಸರ್, ಅಲ್ಲಿ ಸೋಫಾ ಇದೆ, ಕಾಫಿ ಕೊಡ್ತಾರೆ" ಎಂದರು. ಅದಕ್ಕೆ ಬೇರೆ ದುಡ್ಡು. ನಾನು ಕಟ್ಟಲು ಹೊರಟೆ. ಅಮ್ಮ ಕೈ ಹಿಡಿದು ನಿಲ್ಲಿಸಿದಳು. "ಕೂರೋಕೂ ದುಡ್ಡು ಕೊಡ್ಬೇಕಾ? ಬೇಡ, ನಿಂತ್ಕೋತೀನಿ." ನಲವತ್ತು ನಿಮಿಷ ನಿಂತಳು. ಹಣ ಇದ್ದವರಿಗೆ ಸೋಫಾ ಹಾಕಲಿ, ಬೇಡ ಎನ್ನುವುದಿಲ್ಲ. ವಯಸ್ಸಾದವರಿಗೆ ನಾಲ್ಕು ಪ್ಲಾಸ್ಟಿಕ್ ಕುರ್ಚಿ ಹಾಕುವುದು ಇಷ್ಟು ದೊಡ್ಡ ಕೇಂದ್ರಕ್ಕೆ ಭಾರವೇ?

ಒಳಗೆ ಅರ್ಜಿದಾರರಿಗೆ ಮಾತ್ರ ಪ್ರವೇಶ. ಹಿರಿಯರ ಜೊತೆ ಒಬ್ಬರನ್ನು ಬಿಡುತ್ತಾರೆ, ಆದರೆ ಅದನ್ನು ಅವರಾಗಿಯೇ ಹೇಳುವುದಿಲ್ಲ. ಅಮ್ಮನಿಗೆ ಕನ್ನಡ ಬಿಟ್ಟರೆ ಬೇರೆ ಭಾಷೆ ಬರಲ್ಲ ಎಂದು ಎರಡು ಸಲ ಹೇಳಿದ ಮೇಲೆ ನನ್ನನ್ನು ಬಿಟ್ಟರು. ನೀವೂ ಬಿಡದೆ ಕೇಳಿ.

ಕೌಂಟರ್‌ನಲ್ಲಿದ್ದ ಹುಡುಗ ಕೇಳಿದ ಮೊದಲ ಕಾಗದ ಮೂರು ವರ್ಷದ ಆದಾಯ ತೆರಿಗೆ ರಿಟರ್ನ್. ಕೃಷಿ ಆದಾಯಕ್ಕೆ ಕೇಂದ್ರ ಸರ್ಕಾರದ ಆದಾಯ ತೆರಿಗೆ ಇಲ್ಲ. ಅಮ್ಮನಿಗೆ ಬೇರೆ ಆದಾಯವೂ ಇಲ್ಲ, ಹಾಗಾಗಿ ರಿಟರ್ನ್ ಕೂಡ ಇಲ್ಲ. ಪಹಣಿ ಇದೆ, ಅದರ ಇಂಗ್ಲಿಷ್ ಅನುವಾದ ಮಾಡಿಸಿ ನೋಟರಿ ಸಹಿ ಹಾಕಿಸಿದ್ದೇವೆ, ಅಡಿಕೆ ಮಾರಿದ ಚೀಟಿಗಳಿವೆ, ಬ್ಯಾಂಕಿನ ಆರು ತಿಂಗಳ ಲೆಕ್ಕ ಇದೆ. ಎಲ್ಲ ಕೊಟ್ಟೆ. ಅವನು ಪಹಣಿಯನ್ನು ತಿರುಗಿಸಿ ನೋಡಿ ಪಕ್ಕಕ್ಕೆ ಇಟ್ಟ. ಆಮೇಲೆ ಹಿಂದೆ ನಿಂತವರಿಗೆಲ್ಲ ಕೇಳುವ ಹಾಗೆ, "ಗಂಡ ಇಲ್ಲ, ಕೆಲಸ ಇಲ್ಲ, ಐಟಿಆರ್ ಇಲ್ಲ, ಮಗಳು ಅಲ್ಲೇ ಇದ್ದಾಳೆ. ಇವರು ವಾಪಸ್ ಬರ್ತಾರೆ ಅಂತ ಏನು ಗ್ಯಾರಂಟಿ? ರಿಜೆಕ್ಟ್ ಆಗಬಹುದು" ಎಂದು ಇಂಗ್ಲಿಷಿನಲ್ಲಿ ಹೇಳಿದ.

ಅಮ್ಮನಿಗೆ ಇಂಗ್ಲಿಷ್ ಗೊತ್ತಿಲ್ಲ. ಆದರೆ ಆ ದನಿ ಗೊತ್ತಾಗುತ್ತದೆ ಅಲ್ವಾ? "ಎಂತ ಹೇಳ್ತಾನೆ?" ಎಂದು ಕೇಳಿದಳು. ವಾಪಸ್ ಬರ್ತೀಯಾ ಅಂತ ಕೇಳ್ತಿದ್ದಾರೆ ಎಂದೆ. ಅವನನ್ನೇ ನೋಡಿ ಕನ್ನಡದಲ್ಲೇ ಹೇಳಿದಳು. "ಮೇ ಕೊನೆಗೆ ಬಂದೇ ಬರ್ತೀನಪ್ಪಾ. ಮಳೆ ಹಿಡಿಯೋದರೊಳಗೆ ಬೋರ್ಡೋ ಹೊಡೆಸ್ಬೇಕು. ಇಲ್ದಿದ್ರೆ ಕೊಳೆ ರೋಗ ಬಂದು ಕಾಯೆಲ್ಲ ಉದುರಿ ಹೋಗ್ತದೆ." ಬೋರ್ಡೋ ಅಂದರೆ ಅಡಿಕೆ ಗೊನೆಗೆ ಹೊಡೆಯುವ ಔಷಧಿ. ಇದಕ್ಕಿಂತ ದೊಡ್ಡ ಗ್ಯಾರಂಟಿ ನಮ್ಮ ಕಡೆ ಇಲ್ಲ. ಅವನಿಗೆ ಅದು ಅರ್ಥ ಆಗಲಿಲ್ಲ.

ಒಂದು ವಿಷಯ ಎಲ್ಲರೂ ತಿಳಿದಿರಬೇಕು. ವೀಸಾ ಕೊಡುವುದು ಬಿಡುವುದು ದೂತಾವಾಸದವರ ಕೈಯಲ್ಲಿದೆ. ಕೇಂದ್ರದವರ ಕೆಲಸ ಕಾಗದ, ಬೆರಳಚ್ಚು, ದುಡ್ಡು ತೆಗೆದುಕೊಂಡು ಕಳಿಸುವುದು ಅಷ್ಟೆ. ರಿಜೆಕ್ಟ್ ಆಗಬಹುದು ಎನ್ನುವ ಅಧಿಕಾರ ಆ ಹುಡುಗನಿಗೆ ಇರಲೇ ಇಲ್ಲ. ಸುಮ್ನೆ ಒಬ್ಬ ಹೆಂಗಸನ್ನು ನಾಲ್ಕು ಜನರ ಮುಂದೆ ಸಣ್ಣದು ಮಾಡಿದ.

ಆಮೇಲೆ ಬೆರಳಚ್ಚು. ಬಲಗೈಯ ನಾಲ್ಕು, ಎಡಗೈಯ ನಾಲ್ಕು, ಕೊನೆಗೆ ಎರಡು ಹೆಬ್ಬೆರಳು. ನಾವು ಹೋಗಿದ್ದು ಫೆಬ್ರವರಿಯಲ್ಲಿ, ಅಡಿಕೆ ಸುಲಿದು ಮುಗಿದು ವಾರ ಆಗಿತ್ತಷ್ಟೆ. ಅಮ್ಮನ ಹೆಬ್ಬೆರಳಿನ ಉಗುರಿನ ಅಂಚು ಪೂರ್ತಿ ಕಪ್ಪು. ತೋರುಬೆರಳಿಗೆ ಅಡಿಕೆ ಸುಲಿಯುವ ಮೆಟ್ಟುಗತ್ತಿ ತಾಗಿದ ಹಳೇ ಗೀರು. ಬೆರಳ ತುದಿ ನುಣ್ಣಗೆ ಸವೆದು ಗೆರೆಗಳೇ ಕಾಣುವುದಿಲ್ಲ. ಮೂರು ಸಲ ಇಟ್ಟರೂ ಮಷಿನ್‌ನಲ್ಲಿ ಕೆಂಪು ದೀಪ. "ಕೈ ತೊಳೆದುಕೊಂಡು ಬನ್ನಿ" ಎಂದರು ಅಲ್ಲಿದ್ದವರು. ತೊಳೆದು ಬಂದಳು. ಮತ್ತೆ ಕೆಂಪು. ಮತ್ತೆ ತೊಳೆಯಿರಿ ಎಂದರು. ಅಮ್ಮ ಎರಡೂ ಕೈಯನ್ನು ಸೆರಗಿನೊಳಗೆ ಇಟ್ಟುಕೊಂಡಳು. ಕೈ ಕೊಳಕಾಗಿಲ್ಲ, ಅದು ಅಡಿಕೆ ಚೊಗರು, ತಿಂಗಳುಗಟ್ಟಲೆ ಹೋಗಲ್ಲ ಎಂದು ನಾನು ಸ್ವಲ್ಪ ಜೋರಾಗಿಯೇ ಹೇಳಿದೆ.

ಆಗ ಪಕ್ಕದ ಮಷಿನ್‌ನಿಂದ ಒಬ್ಬಳು ಹುಡುಗಿ ಎದ್ದು ಬಂದಳು. "ನಮ್ಮಜ್ಜಿಗೂ ರೇಷನ್ ಅಂಗಡೀಲಿ ಹಿಂಗೇ ಆಗೋದು ಅಮ್ಮಾ" ಎಂದು ಅಮ್ಮನ ಕೈ ಹೊರಗೆ ತೆಗೆಸಿ, ಒದ್ದೆ ಟಿಶ್ಯೂನಿಂದ ಒರೆಸಿ, ತನ್ನ ಎರಡು ಅಂಗೈ ನಡುವೆ ಇಟ್ಟು ಉಜ್ಜಿ ಬಿಸಿ ಮಾಡಿದಳು. ಆಮೇಲೆ ಒಂದೊಂದೇ ಬೆರಳನ್ನು ಮೇಲಿನಿಂದ ಮೆತ್ತಗೆ ಒತ್ತಿ ಹಿಡಿದಳು. ಹತ್ತೂ ಬೆರಳು ಬಂದವು. ನಾನು ಕೊಟ್ಟ ಎರಡು ಸ್ಟಾರ್ ಆ ಹುಡುಗಿಗೆ.

ತೋಟದ ಕೆಲಸ ಮಾಡುವವರು, ಪಾತ್ರೆ ಉಜ್ಜಿ ಕೈ ಸವೆದವರು ಇದ್ದರೆ ಅವಳು ಹೇಳಿದ್ದನ್ನು ಕೇಳಿ. ಒಂದು ವಾರ ಮೊದಲಿನಿಂದ ರಾತ್ರಿ ಬೆರಳಿಗೆ ಕೊಬ್ಬರಿ ಎಣ್ಣೆ ಹಚ್ಚಿ. ಹೋಗುವ ದಿನ ಎಣ್ಣೆ ಪೂರ್ತಿ ತೊಳೆದು ಹೋಗಿ. ಬೆರಳಚ್ಚು ಕೊಡಲು ದೇಹದಿಂದಲೇ ಸಾಧ್ಯವಿಲ್ಲದವರಿಗೆ ಷೆಂಗೆನ್ ನಿಯಮದಲ್ಲಿ ವಿನಾಯಿತಿ ಇದೆ, ಅದನ್ನೂ ನೆನಪಿಡಿ. ಒಮ್ಮೆ ಕೊಟ್ಟ ಅಚ್ಚನ್ನು 59 ತಿಂಗಳ ಒಳಗಿನ ಮುಂದಿನ ಅರ್ಜಿಗೂ ಬಳಸಬಹುದು.

ನಿರ್ಧಾರಕ್ಕೆ ಸಾಮಾನ್ಯವಾಗಿ 15 ದಿನ, ಕೆಲವೊಮ್ಮೆ 45ರವರೆಗೂ ಹೋಗುತ್ತದೆ. ನಮ್ಮ ಪಾಸ್‌ಪೋರ್ಟ್ 13ನೇ ದಿನ ಬಂತು. ಅಲ್ಲಿ ಇರುವುದಕ್ಕೆ ನಾವು ಕೇಳಿದ್ದು 45 ದಿನ, ಕೊಟ್ಟಿದ್ದೂ 45 ದಿನ.

ಫೋನ್ ಮಾಡಿ ಹೇಳಿದಾಗ ಅಮ್ಮ ಕೇಳಿದ್ದು ಒಂದೇ. "ಅಲ್ಲಿ ಇಳಿದ ಮೇಲೂ ಬೆರಳು ಇಡ್ಬೇಕಾ?" ಇಡಬೇಕಾಗುತ್ತದೆ ಎಂದೆ. ಅವತ್ತಿನಿಂದ ದಿನಾ ರಾತ್ರಿ ಊಟ ಆದ ಮೇಲೆ ಜಗಲಿಯಲ್ಲಿ ಕೂತು ಹತ್ತೂ ಬೆರಳಿಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದಾಳಂತೆ.