ಕಾಲುಗುರು ಮಾಂಸಕ್ಕೆ ಚುಚ್ಚಿದರೆ: ಇಡೀ ಉಗುರು ತೆಗೆಸಬೇಕಾ, ಅಂಚು ಮಾತ್ರ ಸಾಕಾ?

ನನ್ನ ಎರಡೂ ಹೆಬ್ಬೆರಳಿಗೆ ಆಪರೇಷನ್ ಆಗಿದೆ. ಎಡಗಾಲಲ್ಲಿ ಇಡೀ ಉಗುರನ್ನೇ ತೆಗೆದರು. ಬಲಗಾಲಲ್ಲಿ ಚುಚ್ಚುತ್ತಿದ್ದ ಅಂಚನ್ನಷ್ಟೇ ಸೀಳಿ ತೆಗೆದು ಬುಡಕ್ಕೆ ಫೀನಾಲ್ (ಉಗುರಿನ ಬೇರನ್ನು ಸುಡುವ ರಾಸಾಯನಿಕ) ಹಚ್ಚಿದರು. ಡೊಂಬಿವಲಿಯಿಂದ ಮಾಟುಂಗಕ್ಕೆ ದಿನಾ ಮುಂಬೈ ಲೋಕಲ್ ರೈಲಿನಲ್ಲಿ ನೇತಾಡುತ್ತಾ ಹೋಗುವವನು ನಾನು, ಆ ಗದ್ದಲದಲ್ಲಿ ಯಾರಾದರೂ ಬೂಟುಗಾಲಲ್ಲಿ ತುಳಿದರೆ ಉಗುರುಸುತ್ತಿನ ಮೇಲೆ ಒನಕೆ ಪೆಟ್ಟು ಅಂದರೇನು ಅಂತ ಚೆನ್ನಾಗಿ ಗೊತ್ತಾಗುತ್ತದೆ. ಇಲ್ಲಿ ನಮ್ಮವರು ಎಷ್ಟೋ ಜನ ಹೋಟೆಲ್‌ಗಳಲ್ಲಿ ಬೆಳಗ್ಗಿಂದ ರಾತ್ರಿವರೆಗೆ ನಿಂತೇ ಕೆಲಸ ಮಾಡುತ್ತಾರೆ. ಅವರಿಗೆ ಉಪಯೋಗ ಆಗಲಿ ಅಂತ ಬರೆಯುತ್ತಿದ್ದೇನೆ.

ನನ್ನ ಓಟು ಫೀನಾಲ್‌ಗೆ. ಆದರೆ ಅದರಲ್ಲೂ ಒಂದು ದೊಡ್ಡ ಕಿರಿಕಿರಿ ಇದೆ, ಅದನ್ನು ಮುಂದೆ ಹೇಳುತ್ತೇನೆ.

ಶುರುವಿನಲ್ಲಿ ಎರಡೂ ಒಂದೇ. ಬೆರಳಿನ ಬುಡಕ್ಕೆ ಎರಡೂ ಬದಿಯಿಂದ ಮರಗಟ್ಟಿಸುವ ಲಿಗ್ನೊಕೇನ್ ಇಂಜೆಕ್ಷನ್ ಕೊಡುತ್ತಾರೆ. ಜಾಸ್ತಿ ನೋಯುವುದು ಇದೊಂದೇ, ಕಣ್ಣಲ್ಲಿ ನೀರು ಬರುತ್ತದೆ. ಸ್ವಲ್ಪ ಹೊತ್ತಿಗೆ ಬೆರಳು ಮರಗಟ್ಟುತ್ತದೆ. ಆಮೇಲೆ ರಕ್ತ ಬರದಂತೆ ರಬ್ಬರ್ ಬಿಗಿದು ಕೆಲಸ ಶುರು ಮಾಡುತ್ತಾರೆ. ಎಳೆಯುವುದು ಗೊತ್ತಾಗುತ್ತದೆ, ನೋವು ಗೊತ್ತಾಗುವುದಿಲ್ಲ. ಅಡ್ಮಿಟ್ ಆಗಬೇಕಿಲ್ಲ, ಅವತ್ತೇ ಮನೆಗೆ.

ವ್ಯತ್ಯಾಸ ಇರುವುದು ಬುಡದಲ್ಲಿ. ಇಡೀ ಉಗುರು ಕಿತ್ತರೆ ಸಮಸ್ಯೆಯೇ ಹೋಯಿತು ಅಂತ ಅನ್ನಿಸುತ್ತದೆ ಅಲ್ವಾ? ಹಾಗಿಲ್ಲ. ಉಗುರು ಹುಟ್ಟುವ ಬೇರು ಒಳಗೆ ಹಾಗೇ ಇರುತ್ತದೆ. ಅಲ್ಲಿಂದ ಅದೇ ಅಗಲದ, ಅದೇ ಬಾಗಿನ ಉಗುರು ಮತ್ತೆ ಬರುತ್ತದೆ. ಅದೂ ತಿಂಗಳಿಗೆ ಸುಮಾರು 1.5 ಮಿಲಿಮೀಟರ್ ಲೆಕ್ಕದಲ್ಲಿ, ಅಂದರೆ ಪೂರ್ತಿ ಬೆಳೆಯಲು ಒಂದರಿಂದ ಒಂದೂವರೆ ವರ್ಷ ಬೇಕು. ಅಷ್ಟರಲ್ಲಿ ಮೇಲೆ ಒತ್ತುವ ಉಗುರಿಲ್ಲದೆ ಬೆರಳ ತುದಿಯ ಮಾಂಸ ಉಬ್ಬಿಕೊಳ್ಳುತ್ತದೆ, ಹೊಸ ಉಗುರು ಬಂದು ನೇರ ಅದಕ್ಕೇ ಗುದ್ದುತ್ತದೆ. ನನಗೆ ಆಗಿದ್ದೂ ಅದೇ. ಆಪರೇಷನ್ ಮಾಡಿದ ಸರ್ಜನ್ ಇದನ್ನು ಮೊದಲೇ ಹೇಳಬೇಕಿತ್ತು. ಹೇಳಲಿಲ್ಲ.

ಫೀನಾಲ್ ವಿಧಾನದಲ್ಲಿ ಉಗುರಿನ ಬಹುಪಾಲು ಉಳಿಯುತ್ತದೆ. ಒಂದು ಬದಿಯ ಸಣ್ಣ ಪಟ್ಟಿಯನ್ನು ಬುಡದವರೆಗೂ ತೆಗೆದು, ಆ ಜಾಗದ ಬೇರಿಗೆ ಫೀನಾಲ್ ಅದ್ದಿದ ಹತ್ತಿಯನ್ನು ಒತ್ತಿ ಹಿಡಿದು ಸುಡುತ್ತಾರೆ, ಆಮೇಲೆ ತೊಳೆಯುತ್ತಾರೆ. ಆ ಅಂಚು ಮತ್ತೆ ಬೆಳೆಯುವ ಸಾಧ್ಯತೆ ತುಂಬಾ ಕಡಿಮೆ. ಹಲವು ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡಿದ 2012ರ ಕಾಕ್ರೇನ್ ವಿಮರ್ಶೆಯೂ ಇದನ್ನೇ ಹೇಳುತ್ತದೆ: ಸುಮ್ನೆ ಉಗುರು ತೆಗೆಯುವುದಕ್ಕಿಂತ ಜೊತೆಗೆ ಫೀನಾಲ್ ಹಾಕಿದರೆ ತೊಂದರೆ ಮರುಕಳಿಸುವುದು ಕಡಿಮೆ.

ನೋವಿನಲ್ಲೂ ಫೀನಾಲೇ ಮೇಲು. ಅದು ಅಲ್ಲಿನ ನರದ ತುದಿಗಳನ್ನೂ ಮಂಕು ಮಾಡುತ್ತದೆ, ಹಾಗಾಗಿ ಇಂಜೆಕ್ಷನ್ ಇಳಿದ ಮೇಲೂ ಪ್ಯಾರಸಿಟಮಾಲ್‌ನಲ್ಲೇ ಸುಧಾರಿಸಿದೆ. ಎಡಗಾಲಲ್ಲಿ ಉಗುರಿಲ್ಲದ ಬೆತ್ತಲೆ ಚರ್ಮಕ್ಕೆ ಹೊದಿಕೆ ತಾಗಿದರೂ ಜೀವ ಹೋದಂತಾಗುತ್ತಿತ್ತು. ಡ್ರೆಸ್ಸಿಂಗ್ ಬಿಚ್ಚುವಾಗಂತೂ ಅಂಟಿಕೊಂಡು ಬರುತ್ತಿತ್ತು.

ಈಗ ಆ ಕಿರಿಕಿರಿ. ಫೀನಾಲ್ ಮಾಡುವುದು ಒಂಥರಾ ಸುಟ್ಟ ಗಾಯ, ವಾರಗಟ್ಟಲೆ ನೀರು ಸೋರುತ್ತದೆ. ಎರಡರಿಂದ ನಾಲ್ಕು ವಾರ ಅಂತ ಇಟ್ಟುಕೊಳ್ಳಿ, ಕೆಲವರಿಗೆ ಇನ್ನೂ ಜಾಸ್ತಿ. ತಿಳಿಹಳದಿ ನೀರು ನೋಡಿ ಕೀವು ಅಂತ ಗಾಬರಿ ಆಗಬೇಡಿ. ಆದರೆ ನೋವು ದಿನೇ ದಿನೇ ಏರುತ್ತಿದ್ದರೆ, ಕೆಂಪು ಮೇಲಕ್ಕೆ ಹರಡಿದರೆ, ಜ್ವರ ಬಂದರೆ ತಡ ಮಾಡದೆ ತೋರಿಸಿ. ಇಡೀ ಉಗುರು ತೆಗೆಸಿದಾಗ ಸೋರುವುದು ಬೇಗ ನಿಂತಿತ್ತು, ಅದೊಂದರಲ್ಲಿ ಅದು ಗೆದ್ದಿತು.

ಅದಕ್ಕೇ ಮುಂಬೈಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ, ತೀರಾ ತಡೆಯಲಾರದಷ್ಟು ಕೀವಾಗಿದ್ದರೆ ಬೇರೆ ಮಾತು, ಇಲ್ಲದಿದ್ದರೆ ಫೀನಾಲ್ ಮಾಡಿಸಬೇಡಿ. ಕಿಂಗ್ಸ್ ಸರ್ಕಲ್, ಹಿಂದ್‌ಮಾತಾ ಕಡೆ ಒಂದು ಜೋರು ಮಳೆಗೆ ಮೊಣಕಾಲುದ್ದ ನೀರು ನಿಲ್ಲುತ್ತದೆ. ಅದರಲ್ಲಿ ಇಲಿಯ ಮೂತ್ರ ಬೆರೆತಿರುತ್ತದೆ, ತೆರೆದ ಗಾಯದ ಮೂಲಕ ಲೆಪ್ಟೊಸ್ಪೈರೋಸಿಸ್ (ಇಲಿಜ್ವರ) ಬರಬಹುದು. ಗಾಯ ಇಟ್ಟುಕೊಂಡು ಅಂಥ ನೀರಲ್ಲಿ ನಡೆದರೆ 72 ಗಂಟೆಯೊಳಗೆ ಡಾಕ್ಟರನ್ನು ಕೇಳಿ ಮುಂಜಾಗ್ರತೆಯ ಮಾತ್ರೆ ತೆಗೆದುಕೊಳ್ಳಿ ಅಂತ ಬಿಎಂಸಿ (ಮುಂಬೈ ಮಹಾನಗರ ಪಾಲಿಕೆ)ಯವರೇ ಹೇಳುತ್ತಾರೆ. ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ.

ಮೂರನೆಯ ವಿಧಾನ ವಿನೋಗ್ರಾಡ್ ಅಂತ ಇದೆ: ಅಂಚು, ಬೇರು, ಪಕ್ಕದ ಮಾಂಸ ಎಲ್ಲ ಕತ್ತರಿಸಿ ಹೊಲಿಗೆ ಹಾಕುವುದು. ನಾನು ಮಾಡಿಸಿಲ್ಲ, ಅದಕ್ಕೆ ಮಾತಾಡುವುದಿಲ್ಲ.

ಸಕ್ಕರೆ ಕಾಯಿಲೆ ಇದ್ದವರು, ಕಾಲಿಗೆ ರಕ್ತ ಸರಿಯಾಗಿ ಹರಿಯದವರು ಯಾವುದನ್ನೇ ಮಾಡಿಸುವ ಮೊದಲು ಕಾಲಿನ ರಕ್ತ ಸಂಚಾರ ಪರೀಕ್ಷೆ ಮಾಡಿಸಲೇಬೇಕು. ಗರ್ಭಿಣಿಯರಿಗೆ ಫೀನಾಲ್ ಬೇಡ. ಸಯನ್, ಕೆಇಎಂನಂಥ ಪಾಲಿಕೆ ಆಸ್ಪತ್ರೆಗಳಲ್ಲಿ ಸರ್ಜರಿ ಒಪಿಡಿ ಇದೆ, ಖಾಸಗಿಯಷ್ಟು ಖರ್ಚಾಗುವುದಿಲ್ಲ. ಎಲ್ಲೇ ಹೋದರೂ 'ಉಗುರು ತೆಗೆಯುತ್ತೀರಾ' ಅಂತ ಕೇಳಬೇಡಿ, 'ಬೇರಿಗೆ ಏನು ಮಾಡುತ್ತೀರಿ' ಅಂತ ಕೇಳಿ. ಉತ್ತರ ಸರಿಯಾಗಿ ಬರದಿದ್ದರೆ ಎದ್ದು ಬನ್ನಿ.

ಬಲಗಾಲಿನ ಉಗುರು ಈಗ ಸ್ವಲ್ಪ ಕಿರಿದಾಗಿ ಕಾಣುತ್ತದೆ, ನನಗೆ ಅದೇನೂ ಅನ್ನಿಸುವುದಿಲ್ಲ. ಎಡಗಾಲಿನದು ಮತ್ತೆ ಚುಚ್ಚುತ್ತಿದೆ. ದೀಪಾವಳಿ ಆದ ಮೇಲೆ ಅದಕ್ಕೂ ಫೀನಾಲ್ ಹಾಕಿಸುತ್ತೇನೆ.